ಸತ್ತ ಮರಿಯ ತೊಗಲು

ಸರಿರಾತ್ರಿಯಲ್ಲಿ ಆ ಸದ್ದು ಮತ್ತೆ ಕೇಳಿಸಿತು. ಬಾಯಿ ಮುಚ್ಚಿಕೊಂಡೇ ಗಂಟಲೊಳಗೆ ಹೊರಳಿಸುವ ಸಣ್ಣ, ಬೆಚ್ಚಗಿನ ಸದ್ದು. ಊಂ... ಊಂ... ನಡುವೆ ಒಂದು ಉಸಿರು. ಮತ್ತೆ ಊಂ... ಆಗತಾನೆ ಈದ ಕುರಿ ತನ್ನ ಮರಿಯ ಮೈ ನೆಕ್ಕುತ್ತಾ ಹಾಗೆ ಸದ್ದು ಮಾಡುತ್ತದೆಂದು ಮರುಳಸಿದ್ದಮ್ಮನಿಗೆ ಈ ಹಟ್ಟಿಗೆ ಬಂದ ಮೇಲೆ ಗೊತ್ತಾಗಿತ್ತು. ಆದರೆ ಕುರಿಗಳ ರೊಪ್ಪಗಳೆಲ್ಲ ಇದ್ದದ್ದು ಹಟ್ಟಿಯ ಕಾರೆಮುಳ್ಳಿನ ಬೇಲಿಯ ಒಳಗೆ, ಗುಡ್ಡದ ಮೇಲುಗಡೆ. ಈ ಸದ್ದು ಬರುತ್ತಿದ್ದದ್ದು ಬೇಲಿಯ ಆಚೆಯಿಂದ, ಅವಳು ವಾಸವಿದ್ದ ಶಾಲೆಯ ಕೋಣೆಗೆ ಕೂಗಳತೆಯಲ್ಲಿದ್ದ ಬಾಣಂತಿ ಗುಡಿಸಲಿನಿಂದ.

ಅವಳು ಪಕ್ಕದಲ್ಲಿ ಮಲಗಿದ್ದ ಮಗಳನ್ನು ಎದೆಗೆ ಎಳೆದುಕೊಂಡಳು. ಮಂಗಳ ಇನ್ನೂ ಅಂಬೆಗಾಲಿಡದ ಕೂಸು. ಅದು ನಿದ್ದೆಯಲ್ಲಿ ಒಮ್ಮೆ ಮುಲುಕಿ ಸುಮ್ಮನಾಯಿತು. ಹೊರಗೆ ಗಾಳಿ ಹಂಚುಗಳ ಕೆಳಗೆ ಬೆರಳಿಟ್ಟು ಎತ್ತಲು ನೋಡುತ್ತಿತ್ತು.

ಬೆಳಿಗ್ಗೆ ನೀರಿನ ಕೊಡ ಇಳಿಸಲು ಬಂದ ದೊಡ್ಡಕ್ಕನನ್ನು ಕೇಳಿದಳು. ಒರತೆಯಿಂದ ಶಾಲೆಗೆ ನೀರು ಹೊರುತ್ತಿದ್ದ ಮುದುಕಿ ಅವಳು. ಹಟ್ಟಿಯಲ್ಲಿ ಟೀಚರಮ್ಮನ ಜೊತೆ ನಿಂತು ಮಾತಾಡುತ್ತಿದ್ದವಳು ಅವಳೊಬ್ಬಳೇ.

"ಅದು ಕುರಿ ಅಲ್ರಿ," ಎಂದಳು ದೊಡ್ಡಕ್ಕ, ಸಿಂಬೆ ಬಿಚ್ಚುತ್ತಾ. "ನಮ್ಮ ಕಾಟಯ್ಯನ ಮಗಳು, ಕೆಂಚಕ್ಕ. ಹೋದ ಅಮಾಸೆ ಹಿಂದೆ ಅವಳ ಕೂಸು ತೀರ್ಕಂತು. ಓಬಿ ಅಂತ ಹೆಸರಿಕ್ಕಿದ್ರು. ಬಾಣಂತೀನ ಹಟ್ಟಿ ಒಳಗೆ ಸೇರ್ಸಂಗಿಲ್ಲ ನಮ್ಮಲ್ಲಿ. ಗುಡ್ಲಾಗೇ ಇದ್ಲು. ಗಾಳಿ ಹೊಡೀತು. ಈಗ ಕೂಸಿಲ್ಲ ಬಾರವ್ವ ಒಳಗೆ ಅಂದ್ರೆ ಒಲ್ಲೆ ಅಂತಾಳೆ. ಬರೀ ಬುಟ್ಟಿ ಮುಂದಿಟ್ಕಂಡು ಹಂಗೆ ಸದ್ದು ಮಾಡ್ತಾ ಕುಂತಿರ್ತಾಳೆ."

"ಅವಳ ಗಂಡ?"

"ಕುರಿ ಹೊಡ್ಕಂಡು ವಲಸೆ ಹೋಗ್ಯವ್ನೆ. ಕೂಸು ಹೋಗಿದ್ದು ಇನ್ನೂ ಗೊತ್ತಿಲ್ಲ ಅವ್ನಿಗೆ." ದೊಡ್ಡಕ್ಕ ದನಿ ತಗ್ಗಿಸಿದಳು. "ನಿಮ್ಮ ಕೂಸಿನ ಅಳು ಅವಳ ಕಿವಿಗೆ ಬೀಳದಂಗೆ ನೋಡ್ಕಳ್ರಿ. ಇನ್ನೊಂದು ಮಾತು. ಅವಳಪ್ಪ ಕಾಟಯ್ಯ ಏನಾರ ಕೊಟ್ರೆ ಕೂಸಿಗೆ ಇಕ್ಬ್ಯಾಡ್ರಿ. ಒಂದು ಬಟ್ಟೆ ಚೂರು ಸೈತ. ಅವ್ನು ಕೂಡ್ಸೋನು."

ಕೂಡಿಸುವುದೆಂದರೆ ಏನೆಂದು ಮರುಳಸಿದ್ದಮ್ಮ ಕಣ್ಣಾರೆ ಕಂಡಿದ್ದಳು. ಹಟ್ಟಿಗೆ ಬಂದ ಹೊಸದರಲ್ಲಿ ಒಂದು ಕುರಿಯ ಮರಿ ಸತ್ತಿತ್ತು. ಇನ್ನೊಂದು ಕುರಿ ತಾನೇ ಸತ್ತು ಮರಿಯನ್ನು ಬಿಟ್ಟುಹೋಗಿತ್ತು. ಕಾಟಯ್ಯ ಸತ್ತ ಮರಿಯ ತೊಗಲನ್ನು ಸುಲಿದು, ಅಂಗಿಯ ಹಾಗೆ ತಬ್ಬಲಿ ಮರಿಗೆ ತೊಡಿಸಿದ. ನಾಲ್ಕು ಕಾಲನ್ನೂ ತೊಗಲಿನ ತೂತುಗಳಿಂದ ಹೊರಗೆಳೆದ. ಬೆನ್ನಿಗೆ ಉಪ್ಪು ಉದುರಿಸಿ, ಮರಿ ಕಳೆದುಕೊಂಡ ಕುರಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಕುರಿ ಮೂಸಿತು, ಒದೆಯಿತು, ಮತ್ತೆ ಮೂಸಿತು. ಆಮೇಲೆ ಅದರ ಗಂಟಲಿನಿಂದ ಆ ಊಂಕಾರ ಬಂತು. ತಬ್ಬಲಿ ಮರಿ ಬಾಲ ಅಲ್ಲಾಡಿಸುತ್ತಾ ಕೆಚ್ಚಲಿಗೆ ಬಾಯಿಟ್ಟಿತು. ದೂರದ ಹಟ್ಟಿಗಳಿಂದಲೂ ಜನ ಅವನ ಹತ್ತಿರ ಕುರಿ ಹಿಡಿದುಕೊಂಡು ಬರುತ್ತಿದ್ದರಂತೆ. ಮಾರನೇ ದಿನ ಅವಳು ಶಾಲೆಯಲ್ಲಿ ಮಕ್ಕಳಿಗೆ ಅದು ಮಂತ್ರವಲ್ಲ, ವಾಸನೆ ಎಂದು ಪಾಠ ಹೇಳಿದ್ದಳು.

"ಅದು ಮೂಗಿಗೆ ಮಾಡೋ ಮೋಸ ದೊಡ್ಡಕ್ಕ, ಅಷ್ಟೇ. ಮನುಷ್ಯರ ಮೂಗು ಅಷ್ಟು ಚುರುಕಾಗಿರಲ್ಲ."

"ತಬ್ಬಲಿ ಮರೀಗೆ ಮಾತ್ರ ಕೂಡ್ಸೋದು ನಾವು. ಹೆತ್ತ ಕುರಿ ಬದುಕಿರಾಗ ಅದರ ಮರೀಗೆ ಬೇರೆ ತೊಗಲು ಇಕ್ಕಂಗಿಲ್ಲ. ಇಕ್ಕಿದ್ರೆ, ಹೆತ್ತಿದ್ದೇ ಅದನ್ನ ಗುಮ್ತದೆ. ತನ್ನದಲ್ಲ ಅಂತ ಗುಮ್ತದೆ."

"ನಾನೇನು ಕುರಿನಾ?" ಮರುಳಸಿದ್ದಮ್ಮ ನಕ್ಕುಬಿಟ್ಟಳು.

ದೊಡ್ಡಕ್ಕ ನಗಲಿಲ್ಲ. ಖಾಲಿ ಕೊಡವನ್ನು ಸೊಂಟಕ್ಕೇರಿಸಿಕೊಂಡು ಇಳಿದುಹೋದಳು.

ಅದು ಎಪ್ಪತ್ತಮೂರರ ಚಳಿಗಾಲ. ಹೊಳಲ್ಕೆರೆಯ ಕಡೆಯ ಮರುಳಸಿದ್ದಮ್ಮನಿಗೆ ಮೊದಲ ಸಲ ಸಿಕ್ಕ ನೌಕರಿ ಇದು. ಬೇಡವೆಂದರೆ ಇನ್ನೊಂದು ಸಿಗುವ ನಂಬಿಕೆ ಇರಲಿಲ್ಲ. ಗಂಡ ಏಕಾಂತಪ್ಪ ಚಿತ್ರದುರ್ಗದ ಎಣ್ಣೆಗಿರಣಿಯೊಂದರಲ್ಲಿ ಗುಮಾಸ್ತ. ವರ್ಷದೊಳಗೆ ವರ್ಗ ಮಾಡಿಸಿಕೊಂಡರಾಯಿತೆಂದು ಅವನೇ ಸಮಾಧಾನ ಹೇಳಿ, ಮತ್ತೋಡಿನವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಟ್ರಂಕು ಹೊತ್ತು ಗುಡ್ಡ ಹತ್ತಿಸಿ ಬಿಟ್ಟುಹೋಗಿದ್ದ. ಕಲ್ಲು, ಮುಳ್ಳು, ಗಾಳಿ. ಒಂದು ದೀಪ ಹಚ್ಚಿದರೆ ಗುಡ್ಡವೆಲ್ಲ ಅದನ್ನೇ ನೋಡುತ್ತಿದೆಯೇನೋ ಅನ್ನಿಸುವಂಥ ಕತ್ತಲೆ.

ಚಳಿ ಬಲಿತ ಮೇಲೆ ಅವಳಿಗೆ ಜ್ವರ ಹಿಡಿಯಿತು. ಮೈ ಕೆಂಡವಾಯಿತು, ನಾಲಿಗೆ ಕಹಿಯಾಯಿತು. ಜ್ವರ ಇಳಿಯುವ ಹೊತ್ತಿಗೆ ಎದೆಯಲ್ಲಿ ಹಾಲು ಬತ್ತಿತ್ತು.

ದೊಡ್ಡಕ್ಕ ಮೇಕೆಯ ಹಾಲಿಗೆ ನೀರು ಬೆರೆಸಿ ಕಾಯಿಸಿ ತಂದಳು. ಮಂಗಳ ಕುಡಿದಷ್ಟನ್ನೂ ಕಕ್ಕಿತು. ರಾಗಿಯ ಸರಿ ಕೊಟ್ಟರೆ ಭೇದಿಯಾಯಿತು. ಗಂಡನಿಗೆ ಸುದ್ದಿ ಮುಟ್ಟಿಸಲು ಸಂತೆಗೆ ಹೋಗುತ್ತಿದ್ದ ಗುಡ್ಡಪ್ಪ ಎಂಬವನ ಕೈಯಲ್ಲಿ ಹೇಳಿಕಳಿಸಿದಳು. ಏಕಾಂತಪ್ಪ ಶೇಂಗಾ ಕೊಳ್ಳಲು ಗದಗಿನ ಕಡೆ ಹೋಗಿದ್ದಾನೆ, ಬಂದ ಕೂಡಲೇ ಕಳಿಸುತ್ತೇವೆ ಎಂಬ ಉತ್ತರ ಬಂತು. ಗುಡ್ಡ ಇಳಿಯೋಣವೆಂದರೆ ಅವಳಿಗೆ ಬಾಗಿಲವರೆಗೆ ನಡೆಯುವಷ್ಟರಲ್ಲಿ ಕಣ್ಣು ಕತ್ತಲೆ ಬರುತ್ತಿತ್ತು. ಕೂಸನ್ನು ಬೇರೆಯವರ ಕೈಯಲ್ಲಿ ಕಳಿಸಿದರೆ ಆ ಗಾಳಿಯಲ್ಲಿ ಮತ್ತೋಡು ಮುಟ್ಟುವ ಜೀವವಲ್ಲ ಅದು. ಅಳುವ ದನಿ ಕೂಡ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಕೊನೆಗೆ ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ.

ಅಂದು ಮಧ್ಯಾಹ್ನ ಕಾಟಯ್ಯ ಬಂದು ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕುಳಿತ. ಕಂಬಳಿಯ ಕೊಪ್ಪೆಯೊಳಗೆ ಸಣ್ಣ ಮುಖ. ಮಗಳು ಉಪವಾಸ ಬಿದ್ದ ಮೇಲೆ ಅವನೂ ಸರಿಯಾಗಿ ತಿಂದಂತಿರಲಿಲ್ಲ.

"ಕೂಸಿನ ದನಿ ಕೇಳ್ತಿಲ್ಲ ತಾಯಿ."

ಮರುಳಸಿದ್ದಮ್ಮ ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದಳು.

"ನನ್ನ ಮಗಳ ಎದೆ ಹಾಲು ಕಟ್ಟಿ ಕಲ್ಲಾಗೈತೆ. ಹಿಂಡಿ ಗ್ವಾಡೆಗೆ ಚೆಲ್ತಾಳೆ. ಇಲ್ಲಿ ನಿಮ್ಮ ಕೂಸು ಹಿಂಗೆ. ಎರಡು ಜೀವ ಯಾಕೆ ಹೋಗ್ಬೇಕು?"

ಹಾಲು ಯಾರ ಮೈಯದಾದರೂ ಹಾಲೇ ಎಂದುಕೊಂಡಳು ಮರುಳಸಿದ್ದಮ್ಮ. ಇಷ್ಟು ದಿನ ತನಗೇ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿದಳು. ದೊಡ್ಡಕ್ಕನ ಭುಜ ಹಿಡಿದು, ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು ಗುಡಿಸಲಿಗೆ ನಡೆದಳು.

ಒಳಗೆ ಹುಳಿತ ಹಾಲು, ಹೊಗೆ, ಒದ್ದೆ ಉಣ್ಣೆಯ ವಾಸನೆ. ಕಣ್ಣು ಹೊಂದಿಕೊಂಡ ಮೇಲೆ ಕೆಂಚಕ್ಕ ಕಂಡಳು. ಇಪ್ಪತ್ತು ದಾಟಿರದ ಹುಡುಗಿ. ಅವಳ ಮುಂದೆ ಖಾಲಿ ಬುಟ್ಟಿ, ಬುಟ್ಟಿಯ ಹಾಸಿನಲ್ಲಿ ಕೂಸು ಮಲಗಿದ್ದಷ್ಟು ಅಗಲದ ಒಂದು ಗುಳಿ. ಮಂಗಳಳನ್ನು ಮಡಿಲಿಗಿಟ್ಟರೆ ಅವಳು ಬಗ್ಗಿ ಮೂಸಿದಳು. ನಿಜವಾಗಿಯೂ ಮೂಸಿದಳು, ನೆತ್ತಿಯನ್ನು, ಕತ್ತನ್ನು. ಆಮೇಲೆ ಅಂಗೈಯಿಂದ ಆಚೆಗೆ ನೂಕಿದಳು.

"ಓಬಿ ಅಲ್ಲ ಇದು."

ಕಾಟಯ್ಯ ಸೊಂಟದ ಗಂಟಿನಿಂದ ಏನನ್ನೋ ಬಿಚ್ಚಿ ತೆಗೆದ. ಕೆಂಪು ಬಟ್ಟೆಯ ಕುಲಾವಿ, ಅಂಚಿಗೆ ಕರಿ ಉಣ್ಣೆಯ ದಾರ. ಮಣ್ಣು ಮಾಡುವಾಗ ಕೂಸಿನ ತಲೆಯಿಂದ ತೆಗೆದಿಟ್ಟುಕೊಂಡಿದ್ದ. ಅದಕ್ಕೆ ಹಾಲಿನ ವಾಸನೆಯಿತ್ತು. ಹಾಲಿನ ಕೆಳಗೆ ಇನ್ನೊಂದು ವಾಸನೆ, ಹಸಿಮಣ್ಣಿನದು.

"ಬ್ಯಾಡ್ರಿ," ಎಂದಳು ಬಾಗಿಲಲ್ಲಿ ನಿಂತಿದ್ದ ದೊಡ್ಡಕ್ಕ. "ಲೇ ಕಾಟಯ್ಯ, ಪಾಪ ಸುತ್ಕಂತದೆ ನಿಂಗೆ."

"ಸುತ್ಕಳ್ಳಲಿ ಬಿಡು. ನನ್ನ ಮಗಳು ಒಂದು ತುತ್ತು ನುಂಗಿ ಎಷ್ಟು ದಿನ ಆಯ್ತು, ನೀನೇ ಹೇಳು." ಅವನು ಮರುಳಸಿದ್ದಮ್ಮನ ಕಡೆ ತಿರುಗಿದ. "ನಿಮಗೆ ಸುಳ್ಳು ಹೇಳಲ್ಲ ಟೀಚರಮ್ಮ. ಇದು ಕುರಿಗೆ ಮಾಡೋದು. ಮನುಷ್ಯರಿಗೆ ನಾನು ಮಾಡಿದ್ದಿಲ್ಲ, ನಮ್ಮಪ್ಪ ಮಾಡಿದ್ದಿಲ್ಲ. ಕೂಸು ಬದುಕ್ತದೆ. ನಿಮ್ಮದಾಗಿ ಉಳೀತದೋ ಇಲ್ವೋ ನಂಗೆ ಗೊತ್ತಿಲ್ಲ. ನೀವು ಒಪ್ಪಿ, ನಿಮ್ಮ ಕೈಯಾಗೇ ಕಟ್ಬೇಕು. ಇಲ್ದಿದ್ರೆ ಕೂಡಲ್ಲ."

"ಬದುಕಲಿ, ಸಾಕು," ಎಂದಳು ಅವಳು. ಆ ಹೊತ್ತಿನಲ್ಲೂ ಅವಳ ತುಟಿಯ ಅಂಚಿನಲ್ಲಿ ಒಂದಿಷ್ಟು ತಾತ್ಸಾರವಿತ್ತು. ಒಂದು ಟೋಪಿಗೆ ಇಷ್ಟೆಲ್ಲ ಮಾತೆ? ಕುಲಾವಿಯನ್ನು ಕಸಿದುಕೊಂಡು ಮಗಳ ತಲೆಗಿಟ್ಟು ಗಲ್ಲದ ಕೆಳಗೆ ಗಂಟು ಹಾಕಿದಳು.

ಕಾಟಯ್ಯ ಕೂಸಿನ ಬೆನ್ನಿನ ಮೇಲೆ ಒಂದು ಚಿಟಿಕೆ ಉಪ್ಪು ಉದುರಿಸಿದ. ಮಗಳ ಕಿವಿಗೆ ಬಾಗಿ ಪಿಸುಗುಟ್ಟಿದ. ಗುಡಿಸಲಿನೊಳಗೆ ಗಾಳಿ ನಿಂತ ಹಾಗಾಯಿತು. ಕೆಂಚಕ್ಕ ಮತ್ತೆ ಬಗ್ಗಿದಳು. ಮೂಸಿದಳು. ಊಂ... ಎಂದಳು. ಊಂ... ಊಂ...

ಮಂಗಳ ಬಾಯಿ ಹಾಕಿತು. ಗುಟುಕು ನುಂಗುವ ಸದ್ದು ಕೇಳಿಸಿತು. ಮರುಳಸಿದ್ದಮ್ಮ ಕಂಬಕ್ಕೊರಗಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಹಟ್ಟಿಯಲ್ಲಿ ಅವಳಿಗೆ ಇಷ್ಟು ಸುಖದ ಗಳಿಗೆ ಹಿಂದೆ ಬಂದಿರಲಿಲ್ಲ.

ಕೂಸು ಚೇತರಿಸಿಕೊಂಡಿತು. ಕೆನ್ನೆ ತುಂಬಿಕೊಂಡಿತು. ಕೆಂಚಕ್ಕ ಮುದ್ದೆ ಉಂಡಳು, ತಲೆ ಬಾಚಿಕೊಂಡಳು. ಕೂಸು ರಾತ್ರಿಯೂ ಅಲ್ಲೇ ಮಲಗುವುದೆಂದಾಯಿತು. ಮೊದಮೊದಲು ಮರುಳಸಿದ್ದಮ್ಮ ಶಾಲೆ ಬಿಟ್ಟ ಕೂಡಲೇ ಗುಡಿಸಲಿಗೆ ಓಡುತ್ತಿದ್ದಳು. ಮಗಳ ಪಾದಗಳಿಗೆ ಮುತ್ತಿಕ್ಕುತ್ತಿದ್ದಳು. ಒಂದು ದಿನ ಸಂಜೆ ಅನ್ನ ಬಸಿಯುತ್ತಿದ್ದಾಗ, ಏನನ್ನೋ ಮರೆತಿದ್ದೇನಲ್ಲ ಎನ್ನಿಸಿತು. ಉಪ್ಪು ಹಾಕಿದ್ದಳು. ದೀಪಕ್ಕೆ ಎಣ್ಣೆಯಿತ್ತು. ಬಾಗಿಲಿಗೆ ಅಗುಳಿ ಬಿದ್ದಿತ್ತು. ಉಂಡು ಮಲಗಿದಳು. ಮಾರನೇ ಬೆಳಿಗ್ಗೆ ಮುಖ ತೊಳೆಯುವಾಗ ನೆನಪಾಯಿತು. ಮಗುವನ್ನು ನೋಡಲು ಹೋಗಿರಲೇ ಇಲ್ಲ.

ಜ್ವರದ ನಿಶ್ಶಕ್ತಿ ಎಂದುಕೊಂಡಳು.

ಅವತ್ತೇ ಮಧ್ಯಾಹ್ನ ಕಾಟಯ್ಯ ಕುಲಾವಿಯನ್ನು ಬಿಚ್ಚಿ ತೆಗೆದ. ಹಾಲು ಮೈಗೆ ಇಳಿದಿದೆ, ಇನ್ನು ತೊಗಲು ಬೇಡ ಎಂದ. ಕೂಸನ್ನು ಒಂದು ರಾತ್ರಿ ತನ್ನ ಹತ್ತಿರ ಮಲಗಿಸಿಕೊಳ್ಳುತ್ತೇನೆ ಎಂದಳು ಮರುಳಸಿದ್ದಮ್ಮ. ಕೆಂಚಕ್ಕ ಎದ್ದು ನಿಂತಳು. ಕಾಟಯ್ಯ ಅವಳ ರಟ್ಟೆ ಹಿಡಿದುಕೊಂಡ.

ಕೋಣೆಗೆ ಬಂದು ಬಾಗಿಲು ಹಾಕಿದಳು. ಕಿಟಕಿಯಿಂದ ಇಳಿಬಿಸಿಲು ಚಾಪೆಯ ಮೇಲೆ ಬಿದ್ದಿತ್ತು. ಕೂಸನ್ನು ಅಲ್ಲಿ ಮಲಗಿಸಿ, ಪಕ್ಕದಲ್ಲಿ ಒರಗಿ, ಕತ್ತಿನ ಮಡಿಕೆಗೆ ಮೂಗಿಟ್ಟಳು. ಮಂಗಳ ಹುಟ್ಟಿದಾಗಿನಿಂದ ಆ ಮಡಿಕೆಯ ವಾಸನೆ ಅವಳಿಗೆ ಕಣ್ಣು ಮುಚ್ಚಿಯೂ ಗೊತ್ತಿತ್ತು.

ಅದು ಇರಲಿಲ್ಲ.

ಉಣ್ಣೆ. ಹೊಗೆ. ಬೇರೆ ಹೆಂಗಸಿನ ಹಾಲು. ಅವಳು ಮುಖ ಹಿಂದಕ್ಕೆ ತೆಗೆದಳು. ಮತ್ತೆ ಮೂಸಿದಳು. ಯಾರದು ಈ ಕೂಸು? ಯಾರ ಕೂಸನ್ನು ಎತ್ತಿಕೊಂಡು ಬಂದೆ? ನನ್ನದು ಎಲ್ಲಿ? ಎದ್ದಳು. ಟ್ರಂಕಿನ ಹಿಂದೆ ನೋಡಿದಳು. ಹಾಸಿಗೆಯ ಸುರುಳಿ ಬಿಚ್ಚಿದಳು. ಇಲ್ಲ. ಕೂಸು ಚಾಪೆಯ ಮೇಲಿಂದ ಅವಳನ್ನೇ ನೋಡುತ್ತಿತ್ತು. ಕಿವಿಯ ಹಿಂದೆ ಮಚ್ಚೆ ಇರಬೇಕು. ಕಿವಿ ಮಡಚಿದಳು. ಮಚ್ಚೆ ಇತ್ತು. ಬಲಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿರಬೇಕು. ಹತ್ತಿತ್ತು. ಇದು ಮಂಗಳ. ಲೆಕ್ಕ ಸರಿಯಾಗಿತ್ತು. ಮೈ ಒಪ್ಪಲಿಲ್ಲ. ಕೂಸು ಕೈ ಚಾಚಿತು. ಅವಳ ಸೆರಗು ಹಿಡಿಯಿತು. ಅವಳ ಕೈ ತಾನಾಗಿ ಮೇಲೆದ್ದಿತು. ನೂಕಿತು. ಜೋರಾಗಿ ನೂಕಿತು. ಕೂಸು ಉರುಳಿತು. ಗೋಡೆಯ ಪಕ್ಕದಲ್ಲಿದ್ದ ಒರಳಿನ ಅಂಚಿಗೆ ತಲೆ ಬಡಿಯಿತು.

ಕೂಸು ಕಿರುಚಿತು. ಹಣೆಯಿಂದ ಒಂದು ಎಳೆ ರಕ್ತ ಇಳಿಯಿತು. ಮರುಳಸಿದ್ದಮ್ಮ ತನ್ನ ಅಂಗೈಯನ್ನೇ ನೋಡುತ್ತಾ ನಿಂತಿದ್ದಳು. ಬೀದಿಯಲ್ಲಿ ಪರರ ಮಗು ಬಿದ್ದರೆ ಆಗುವಷ್ಟು ಮರುಕ ಆಯಿತು, ಅಷ್ಟೇ. ಅದಕ್ಕಿಂತ ಹೆಚ್ಚು ಆಗಲಿ ಎಂದು ಕಾದಳು. ಆಗಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ಅಗುಳಿ ಕಿತ್ತು ಬಂತು. ಕೆಂಚಕ್ಕ ಬಿರುಗಾಳಿಯಂತೆ ನುಗ್ಗಿ ಕೂಸನ್ನು ಬಾಚಿಕೊಂಡಳು. ಗಾಯವನ್ನು ನಾಲಿಗೆಯಿಂದ ನೆಕ್ಕಿದಳು. ಊಂ... ಊಂ... ಕೂಸು ಸುಮ್ಮನಾಯಿತು.

ಮರುಳಸಿದ್ದಮ್ಮ ಬೇಲಿಯವರೆಗೆ ತೂರಾಡುತ್ತಾ ಹೋಗಿ ಕಾಟಯ್ಯನನ್ನು ಕೂಗಿದಳು.

"ಬಿಡ್ಸಿ. ನನ್ನ ಕೂಸನ್ನ ನನಗೆ ಬಿಡ್ಸಿ ಕೊಡಿ."

"ಕೂಡ್ಸೋದಷ್ಟೇ ಕಲ್ತಿದ್ದು ತಾಯಿ." ಅವನು ಕಂಬಳಿಯಲ್ಲಿ ಮುಖ ಒರೆಸಿಕೊಂಡ. "ಕುರಿಗೆ ಬಿಡ್ಸೋದು ಯಾರಿಗೂ ಬೇಕಾಗಿಲ್ಲ. ಬಿಡ್ಸೋ ವಿದ್ಯೆ ಇಲ್ಲ."

ಅದಾದ ಮೇಲೆ ಅವಳು ಗುಡಿಸಲಿಗೆ ಹೋಗಲಿಲ್ಲ. ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟಳು. ರಾತ್ರಿ ಒಬ್ಬಳೇ ಕುಳಿತು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು: ನಾನು ಹೆತ್ತದ್ದು. ನೋವು ನೆನಪಿದೆ. ಸೂಲಗಿತ್ತಿ ರಂಗಕ್ಕನ ಮುಖ ನೆನಪಿದೆ. ಹೆಸರಿಟ್ಟ ದಿನ ಅತ್ತೆ ಹಂಚಿದ ಸಕ್ಕರೆ ನೆನಪಿದೆ. ಎಲ್ಲ ನೆನಪಿತ್ತು, ಬೇರೆ ಯಾರಿಗೋ ಆದದ್ದನ್ನು ಕೇಳಿ ತಿಳಿದ ಹಾಗೆ.

ಏಕಾಂತಪ್ಪ ಬಂದ. ಚೀಲದಲ್ಲಿ ಹಾಲಿನ ಪುಡಿಯ ಡಬ್ಬಗಳು, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು. ಗುಡಿಸಲಿನ ಮುಂದೆ ಬಿಸಿಲಿನಲ್ಲಿ ಕೂಸನ್ನು ಕಂಡವನೇ ಎತ್ತಿ ಗಾಳಿಗೆ ತೂರಿ ಹಿಡಿದು, ಹಿಂದೆ ಬಂದು ನಿಂತ ಹೆಂಡತಿಯ ಕಡೆ ತಿರುಗಿದ.

"ಏನೇ ಇದು, ಸಾಯೋ ಹಂಗಿದೆ ಅಂತ ಹೇಳಿಕಳಿಸಿದ್ದೆ, ಇಲ್ಲಿ ನೋಡಿದ್ರೆ ಗುಂಡುಕಲ್ಲು ಇದ್ದಂಗೆ ಐತೆ. ನಡಿ, ಹೋಗಾಣ. ರಜೆ ಹಾಕು. ನೌಕರಿ ಹಾಳಾಗಿ ಹೋಗ್ಲಿ."

ಕೂಸನ್ನು ಇಲ್ಲೇ ಬಿಟ್ಟು ಹೋಗಬಹುದಿತ್ತು. ಆ ಯೋಚನೆ ಅವಳಿಗೆ ಬಂತು, ಬಹಳ ಹಗುರಾಗಿ ಬಂತು. ಆ ಹಗುರಕ್ಕೇ ಅವಳು ಹೆದರಿದಳು. ತನ್ನ ಮೈಯನ್ನು ಇನ್ನು ನಂಬುವಂತಿರಲಿಲ್ಲ. ನಂಬಬೇಕಾದ್ದು ಮಚ್ಚೆಯನ್ನು, ಕಿರುಬೆರಳನ್ನು. ಕೈ ಚಾಚಿ ಗಂಡನಿಂದ ಕೂಸನ್ನು ತೆಗೆದುಕೊಂಡಳು. ಅದು ಅವಳ ತೋಳಿನಲ್ಲಿ ಬಿಲ್ಲಿನಂತೆ ಬಾಗಿ, ಕೆಂಚಕ್ಕನ ಕಡೆ ಕೈ ಚಾಚಿ ಅಳತೊಡಗಿತು.

ಜಗಳವಾಗುತ್ತದೆಂದು ಎಲ್ಲರೂ ಕಾದರು. ಕಾಟಯ್ಯ ಮಗಳ ಹಿಂದೆ ಬಂದು ನಿಂತ. ಕೆಂಚಕ್ಕ ಜಗಳವಾಡಲಿಲ್ಲ. ಹಣೆಯ ಮೇಲೆ ಒಣಗಿದ್ದ ಗಾಯವನ್ನು ನೋಡಿದಳು, ಮರುಳಸಿದ್ದಮ್ಮನ ಅಂಗೈಯನ್ನು ನೋಡಿದಳು. ತಾನು ಹೊದ್ದಿದ್ದ ಕರಿಕಂಬಳಿಯನ್ನು ಮೈಯಿಂದ ತೆಗೆದು ಮಡಚಿದಳು. ಆ ಚಳಿಗಾಳಿಯಲ್ಲಿ ಅವಳ ತೋಳುಗಳ ಮೇಲೆ ಮುಳ್ಳೆದ್ದವು. ರವಿಕೆಯ ಮುಂಭಾಗ ಹಾಲಿನಿಂದ ನೆಂದಿತ್ತು.

"ಇದನ್ನ ಹೊದ್ಕಳ್ರಿ ಟೀಚರಮ್ಮ," ಎಂದಳು. "ಇಲ್ದಿದ್ರೆ ನಿಮ್ಮನ್ನ ಹತ್ರ ಸೇರ್ಸಲ್ಲ ಕೂಸು. ಮತ್ತೆ ನೂಕ್ಬ್ಯಾಡ್ರಿ."

ಅವರು ಗುಡ್ಡ ಇಳಿಯುವಾಗ ಬಹಳ ದೂರದವರೆಗೆ ಆ ಸದ್ದು ಬೆನ್ನಿಗಿತ್ತು. ತಿರುವು ದಾಟಿದ ಮೇಲೆ ಗಾಳಿಯೊಂದೇ ಉಳಿಯಿತು. "ಕುರಿ ಈದಿರಬೇಕು," ಎಂದ ಏಕಾಂತಪ್ಪ.

ದುರ್ಗದ ಬಾಡಿಗೆ ಮನೆಯಲ್ಲಿ ಕೂಸು ಹಾಲಿನ ಪುಡಿಯನ್ನು ಮುಟ್ಟಲಿಲ್ಲ. ಅತ್ತೆ ಎತ್ತಿಕೊಂಡರೆ ಅಳುತ್ತಿತ್ತು, ಮರುಳಸಿದ್ದಮ್ಮ ಎತ್ತಿಕೊಂಡರೆ ಇನ್ನೂ ಹೆಚ್ಚು ಅಳುತ್ತಿತ್ತು. ಅವಳು ಚಮಚ ಹಿಡಿದು ಕುಳಿತೇ ಇರುತ್ತಿದ್ದಳು. ಎತ್ತಿಕೊಳ್ಳುವ ಮುಂಚೆ ಪ್ರತಿ ಸಲ ಕಿವಿ ಮಡಚಿ ಮಚ್ಚೆ ನೋಡುತ್ತಿದ್ದಳು. ಕೈ ನೂಕದ ಹಾಗೆ ಬೆರಳುಗಳನ್ನು ಬಿಗಿಯಾಗಿ ಹೆಣೆದುಕೊಳ್ಳುತ್ತಿದ್ದಳು.

"ಹೆತ್ತ ತಾಯೀನೇ ಒಲ್ಲೆ ಅಂತದಲ್ಲ ಇದು," ಎಂದು ಅತ್ತೆ ಅಡುಗೆಮನೆಯಿಂದ ಆಡಿಕೊಂಡಳು.

ಕೂಸಿನ ದನಿ ಮತ್ತೆ ಸಣ್ಣದಾದ ರಾತ್ರಿ ಅವಳು ಟ್ರಂಕು ತೆರೆದಳು. ಕೆಂಚಕ್ಕನ ಕಂಬಳಿಯನ್ನು ತಲೆಯಿಂದ ಇಳಿಬಿಟ್ಟು ಹೊದ್ದಳು. ಅದು ಅವಳನ್ನು ಎಲ್ಲ ಕಡೆಯಿಂದಲೂ ಮುಚ್ಚಿತು. ಹೊಗೆ, ಉಣ್ಣೆ, ಹುಳಿ ಹಾಲು. ಕತ್ತಲಲ್ಲಿ ಕೂಸು ತಲೆ ಎತ್ತಿತು. ತಡಕಿತು. ಅವಳ ಎದೆಗೆ ಕೆನ್ನೆ ಒತ್ತಿ, ಅವಳು ಬಾಯಿಗಿಟ್ಟ ಚಮಚದಿಂದ ಹಾಲು ಕುಡಿಯಿತು. ಪೂರ್ತಿ ಕುಡಿಯಿತು.

ಆಗ ಅದು ಬಂತು. ಇಷ್ಟು ದಿನ ಕಾದಿದ್ದ ಮಮತೆ ಬಂತು. ಒಮ್ಮೆಲೇ ಬಂತು, ಪಕ್ಕೆಲುಬು ಬಿರಿಯುವ ಹಾಗೆ. ಅವಳು ಕೂಸಿನ ನೆತ್ತಿಯನ್ನು ಮೂಸಿದಳು, ಕಣ್ಣುಗಳನ್ನು, ಅಂಗೈಗಳನ್ನು. ಅವಳ ಗಂಟಲಿನಿಂದ ಊಂ... ಎಂಬ ಸದ್ದು ತಾನಾಗಿ ಎದ್ದಿತು. ಊಂ... ಊಂ... ಬಂದೆಯಾ ನನ್ನವ್ವ, ಚಳಿಯಾಯ್ತಾ, ಮಣ್ಣು ತಣ್ಣಗಿತ್ತಾ?

"ಓಬಿ," ಎಂದಳು.

ತುಟಿ ಕಚ್ಚಿಕೊಂಡಳು. ಮಂಗಳ ಎನ್ನಬೇಕು. ಬಾಯಿ ತೆರೆದಳು. ಮಂಗಳ. ಆ ಹೆಸರು ಹೇಳಬೇಕಾದರೆ ಕಂಬಳಿ ತೆಗೆಯಬೇಕಿತ್ತು. ಕಂಬಳಿ ತೆಗೆದರೆ ಮಮತೆ ಹೋಗುತ್ತಿತ್ತು. ಅವಳು ಒಂದು ತುದಿಯನ್ನು ಭುಜದಿಂದ ಸರಿಸಿ ನೋಡಿದಳು. ಕೂಸಿನ ಮೈ ಬಿಗಿಯಾಯಿತು. ಅವಳ ಎದೆಯೊಳಗೆ ಏನೋ ಆರಿತು. ತುದಿಯನ್ನು ಮತ್ತೆ ಎಳೆದುಕೊಂಡಳು.

"ಯಾರನ್ನ ಕರೀತಿದೀಯೇ?" ಏಕಾಂತಪ್ಪ ನಿದ್ದೆಗಣ್ಣಲ್ಲಿ ಕೇಳಿದ.

"ಯಾರನ್ನೂ ಇಲ್ಲ. ಕೂಸು ಹಾಲು ಕುಡೀತು. ನೀವು ಮಲಗ್ರಿ."

"ಕುಡೀತಾ? ಸದ್ಯ." ಅವನು ಸಮಾಧಾನದ ಉಸಿರು ಬಿಟ್ಟು ಮಗ್ಗುಲಾದ.

ಗಂಡನಿಗೆ ಹೇಳುವುದಿಲ್ಲ ಎಂದುಕೊಂಡಳು ಅವಳು. ಅತ್ತೆಗೆ, ತವರಿನವರಿಗೆ ಹೇಳುವುದಿಲ್ಲ. ಮುಂದೊಂದು ದಿನ ಈ ಹುಡುಗಿ ದೊಡ್ಡವಳಾಗಿ, ಬೇಸಿಗೆಯಲ್ಲೂ ಈ ಹಳೆಯ ಕಂಬಳಿ ಯಾಕಮ್ಮ ಎಂದು ಕೇಳಿದರೆ, ಚಳಿ ಎನ್ನುತ್ತೇನೆ. ಅಲ್ಲಿ ಗುಡ್ಡದ ಮೇಲೆ ಒಬ್ಬಳು ಹೊದಿಕೆಯಿಲ್ಲದೆ ಖಾಲಿ ಬುಟ್ಟಿಯ ಮುಂದೆ ಕುಳಿತಿರುವುದನ್ನೂ ಯಾರಿಗೂ ಹೇಳುವುದಿಲ್ಲ.

ಕಂಬಳಿಯ ಅಂಚನ್ನು ಹಣೆಯವರೆಗೆ ಎಳೆದುಕೊಂಡು, ಕೂಸನ್ನು ಇನ್ನಷ್ಟು ಒಳಗೆ ಸೇರಿಸಿಕೊಂಡಳು. ಅದಕ್ಕೆ ಮಾತ್ರ ಕೇಳಿಸುವಷ್ಟು ಮೆತ್ತಗೆ ಮತ್ತೆ ಆ ಹೆಸರಿನಿಂದ ಕರೆದಳು.